ಪುಣೆಯವರಿಗೆ ತಿಳಿಯದ ಅಡ್ಡಿಯಿಲ್ಲ

ಮಾರ್ಚ್ ಬಂತೆಂದರೆ ನನಗೆ ಇಂಗ್ಲಿಷಿನ ಸಂಕಟ ಶುರು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ತಪಾಸಣೆ ವಿಭಾಗಕ್ಕೆ ನಾನು ಸೂಪರ್‌ವೈಸರ್. ಕೈಕೆಳಗಿನವರು ಹೇಗೆ ಕೆಲಸ ಮಾಡುತ್ತಾರೆಂದು ವರ್ಷಕ್ಕೊಮ್ಮೆ ಪುಣೆಯ ಮುಖ್ಯ ಕಚೇರಿಗೆ ಬರೆದು ಕಳಿಸಬೇಕು. ಫಾರ್ಮಿನಲ್ಲಿ ಉತ್ತರಕ್ಕೆ ಇರುವುದು ಒಂದು ಶಬ್ದ ಹಿಡಿಸುವಷ್ಟು ಜಾಗ, ಅದೂ ಇಂಗ್ಲಿಷಿನಲ್ಲಿ.

ಆ ಒಂದು ಶಬ್ದವನ್ನು ನಾನು ಬಂಗಾರದಂತೆ ತೂಗಿ ಕೊಡುತ್ತಿದ್ದೆ. ತಡವಾಗಿ ಬಂದರೂ ಕೆಲಸ ಮುಗಿಸುವವನಿಗೆ ಫೇರ್‌ಲಿ. ಹೇಳಿದಷ್ಟೇ ಮಾಡಿ ಕೈ ಒರೆಸಿಕೊಳ್ಳುವವನಿಗೆ ಅಡಿಕ್ವೇಟ್ಲಿ. ಸ್ವಲ್ಪ ತಲೆಯನ್ನೂ ಓಡಿಸುವವನಿಗೆ ರೀಸನಬ್ಲಿ. ಇವೆಲ್ಲಕ್ಕಿಂತ ಮೇಲೆ, ಅಪರೂಪಕ್ಕೆ ಕೊಡುವಂಥದ್ದು, ಸ್ಯಾಟಿಸ್ಫ್ಯಾಕ್ಟರಿಲಿ. ಅದರಾಚೆಗೂ ಶಬ್ದಗಳಿವೆ, ಗೊತ್ತು. ಆದರೆ ಎಕ್ಸಲೆಂಟ್ಲಿ ಎನ್ನುವುದು ಟೂತ್‌ಪೇಸ್ಟ್ ಮಾರುವವರ ಬಾಯಿಗೆ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು.

ನಾನು ಬೆಳೆದದ್ದೇ ಹಾಗೆ. ಗಣಿತದಲ್ಲಿ ನೂರಕ್ಕೆ ನೂರು ತಂದಾಗ, ಮಾಸ್ತರಿಕೆ ಮಾಡುತ್ತಿದ್ದ ಅಪ್ಪ ಅಂಕಪಟ್ಟಿಯನ್ನು ಎರಡೂ ಮಗ್ಗುಲು ತಿರುವಿ ನೋಡಿ "ಅಡ್ಡಿಯಿಲ್ಲ" ಅಂದರು. ಅವತ್ತು ಖುಷಿಗೆ ನನಗೆ ಊಟ ಸೇರಲಿಲ್ಲ. ಧಾರವಾಡದಲ್ಲಿ ಗವಾಯಿ ಮೂರು ತಾಸು ಹಾಡಿ ಜನರ ಕಣ್ಣು ಒದ್ದೆ ಮಾಡಿದರೂ, ಹೊರಗೆ ಚಪ್ಪಲಿ ಹುಡುಕುತ್ತ ನಮ್ಮ ಹಿರಿಯರು ಹೇಳುತ್ತಿದ್ದದ್ದು "ಅಡ್ಡಿಯಿಲ್ಲ, ಹಾಡ್ತಾನ" ಎಂದಷ್ಟೇ. ಅದಕ್ಕಿಂತ ಹೆಚ್ಚು ಹೊಗಳಿದರೆ ಹೊಗಳಿದವನಿಗೇ ತಿಳಿವಳಿಕೆ ಕಡಿಮೆ ಎಂದು ಲೆಕ್ಕ.

ನನ್ನ ವಿಭಾಗಕ್ಕೆ ಬೆಂಗೇರಿಯಿಂದ ಎರಡು ಬಸ್ಸು ಬದಲಿಸಿ ಬರುವ ಒಬ್ಬ ಹೆಣ್ಣುಮಗಳಿದ್ದಳು. ಎರಡು ವರ್ಷದಿಂದ ಟ್ರೇನಿ. ಕಳೆದ ವರ್ಷ ಅವಳು ಪರ್ಮನೆಂಟ್ ಆಗುವ ಸರದಿ ಬಂದಿತ್ತು. ಆಗದಿದ್ದರೆ ಕಾರ್ಖಾನೆ ಬಿಟ್ಟು ಕಿರಾಣಿ ಅಂಗಡಿಯಲ್ಲಿ ಬಂದು ಕೂಡಬೇಕೆಂದು ಅವಳ ಅಪ್ಪ ಹೇಳಿಬಿಟ್ಟಿದ್ದರು. ಅವಳ ಫಾರ್ಮಿನಲ್ಲಿ ನಾನು ಒಂದು ಕ್ಷಣವೂ ಯೋಚಿಸದೆ, ದುಂಡಗಿನ ಅಕ್ಷರದಲ್ಲಿ, ನಮ್ಮ ಅಡ್ಡಿಯಿಲ್ಲಕ್ಕೆ ಸಮನಾದ ಸ್ಯಾಟಿಸ್ಫ್ಯಾಕ್ಟರಿಲಿ ಎಂದು ಬರೆದೆ. ಆ ವರ್ಷ ಇನ್ಯಾರಿಗೂ ಅದು ಸಿಕ್ಕಿರಲಿಲ್ಲ.

ಪುಣೆಯಿಂದ ಪರ್ಮನೆಂಟ್ ಆದವರ ಪಟ್ಟಿ ಬಂತು. ಅದರಲ್ಲಿ ಅವಳ ಹೆಸರಿರಲಿಲ್ಲ. ಮಧ್ಯಾಹ್ನ ಅವಳು ನನ್ನ ಟೇಬಲ್ಲಿನ ಎದುರು ಬಂದು ನಿಂತಳು.

"ಸರ್, ನನ್ನ ಕೆಲಸದಾಗ ಏನರ ಕೊರತಿ ಐತೇನ್ರಿ?"

"ಛೇ ಛೇ! ಅಡ್ಡಿಯಿಲ್ಲ ಅಂತನ ಬರದೇನಿ ತಂಗಿ."

"ಖರೇನ್ರಿ ಸರ್? ಅಡ್ಡಿಯಿಲ್ಲ ಅಂತ ಬರದ್ರಿ?" ಅವಳ ಮುಖ ಅರಳಿತು. ಅವಳೂ ಇಲ್ಲಿಯವಳೇ ಅಲ್ಲವೇ. ಮರುಗಳಿಗೆಯಲ್ಲಿ ಆ ಮುಖ ಮತ್ತೆ ಸಪ್ಪಗಾಯಿತು. "ಮತ್ಯಾಕ ಆಗಲಿಲ್ರಿ?"

ಪುಣೆಗೆ ಫೋನು ಮಾಡಿದೆ. ಅಲ್ಲಿಯ ಮಹಿಳಾ ಅಧಿಕಾರಿ ಬಹಳ ನಯವಾಗಿ ತಿಳಿಸಿ ಹೇಳಿದರು: ನಾನು ಬರೆದ ಶಬ್ದದ ಅರ್ಥ, ಈ ಕೆಲಸಗಾರ್ತಿ ಹೇಗೋ ನಡೆಸಿಕೊಂಡು ಹೋಗುತ್ತಾಳೆ, ಅಷ್ಟೇ. ಪಕ್ಕದ ವಿಭಾಗದ ಸೂಪರ್‌ವೈಸರ್ ತಮ್ಮವರೆಲ್ಲರಿಗೂ ಔಟ್‌ಸ್ಟ್ಯಾಂಡಿಂಗ್ಲಿ ಎಂದು ಬರೆದಿದ್ದರಂತೆ. ಗೋಣಿಚೀಲದ ಹಿಂದೆ ನಿದ್ದೆ ಹೊಡೆಯುವ ಮಹಾಶಯನಿಗೂ ಅದೇ ಶಬ್ದ. ನನಗೆ ಮೈ ಉರಿಯಿತು. ಆದರೆ ಸಿಟ್ಟು ಇಳಿದ ಮೇಲೆ ಉಳಿದದ್ದು ನಾಚಿಕೆ. ನನ್ನ ಬಿಂಕಕ್ಕೆ ಆ ಹುಡುಗಿ ದಂಡ ತೆರುತ್ತಿದ್ದಳು.

ಶುಕ್ರವಾರದೊಳಗೆ ಬರೆದು ಕಳಿಸಿದರೆ ಇನ್ನೊಮ್ಮೆ ನೋಡುತ್ತೇವೆ ಎಂದು ಆ ಅಧಿಕಾರಿ ಹೇಳಿದ್ದರು. ಈಮೇಲಿನಲ್ಲಿ ಪತ್ರ ಬರೆಯಲು ಕೂತೆ. ದೊಡ್ಡ ದೊಡ್ಡ ಶಬ್ದಗಳನ್ನು ಬರೆದು ನೋಡಿದೆ. ಯಾವುದೂ ನನ್ನ ಕೈಯದು ಅನ್ನಿಸಲಿಲ್ಲ, ಒಂದೊಂದಾಗಿ ಹೊಡೆದುಹಾಕಿದೆ. ಕೊನೆಗೆ ಶಬ್ದದ ಗೊಡವೆಯೇ ಬೇಡವೆಂದು ನಡೆದದ್ದನ್ನು ಬರೆದೆ. ಮಳೆಗಾಲದಲ್ಲಿ ಒಂದು ಲಾಟ್ ಮಾಲಿಗೆ ನಾನೇ ಸರಿಯಾಗಿದೆ ಎಂದು ಸಹಿ ಮಾಡಿದ್ದೆ. ಅವಳು ಅದನ್ನು ಲಾರಿಗೆ ಹೇರಲು ಬಿಡಲಿಲ್ಲ. ನಾನು ಎಲ್ಲರೆದುರಿಗೆ ಅವಳನ್ನು ಬೈದೆ. ಅವಳು ಅಳಲೂ ಇಲ್ಲ, ಎದುರಾಡಲೂ ಇಲ್ಲ, ಒಂದು ಪೀಸ್ ತಂದು ಗೇಜನ್ನೂ ಪಕ್ಕಕ್ಕಿಟ್ಟಳು. ಅಳೆದು ನೋಡಿದೆ. ಥ್ರೆಡ್ಡು, ಅಂದರೆ ತಿರುಪಿನ ಗೆರೆ, ಅಳತೆಗೆ ಸರಿಯಿರಲಿಲ್ಲ. ತಪ್ಪು ನನ್ನದು. ಆಗ ನಾನು "ಹೂಂ, ಸರಿ ಅದ" ಎಂದಷ್ಟೇ ಹೇಳಿ ಚಹಾ ಕುಡಿಯಲು ಹೋಗಿದ್ದೆ, ಮೇಲಿನವರಿಗೆ ತಿಳಿಸಿರಲಿಲ್ಲ. ಇಷ್ಟನ್ನೂ ಬರೆದೆ. ಎರಡನೇ ಸಲ ಓದದೆ ಕಳಿಸುವ ಗುಂಡಿ ಒತ್ತಿದೆ.

ಹತ್ತು ದಿನಕ್ಕೆ ಆದೇಶ ಬಂತು. ಅವಳು ಪರ್ಮನೆಂಟ್ ಆಗಿದ್ದಳು. ನನ್ನನ್ನು ಬೈದು ಯಾರೂ ಬರೆದಿರಲಿಲ್ಲ. ಕಾಗದವನ್ನು ಅವಳ ಕೈಗಿಟ್ಟೆ. ಎರಡು ಸಲ ಓದಿ, ತನ್ನ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದಳು.

"ನಾ ಹೇಳಿದ್ರ ಅಪ್ಪ ನಂಬಂಗಿಲ್ರಿ ಸರ್. ನೀವ ಹೇಳ್ರಿ."

ಅತ್ತ ಕಡೆಯಿಂದ ಗಾಬರಿಯ ದನಿ ಬಂತು. "ನಮಸ್ಕಾರ್ರಿ ಸಾಹೇಬ್ರ. ನಮ್ಮ ಹುಡುಗಿ ಏನರ ತಪ್ಪು ಮಾಡ್ಯಾಳೇನ್ರಿ?"

"ಇಲ್ರಿ ಯಜಮಾನ್ರ. ಆಕಿ ನೌಕರಿ ಪಕ್ಕಾ ಆತು. ನಮ್ಮಲ್ಲೆ ಆಕಿಯಷ್ಟು ಛಲೋ ಕೆಲಸ ಮಾಡೋರು ಇನ್ನೊಬ್ಬರಿಲ್ರಿ. ನಾನೂ ಮಾಡಂಗಿಲ್ಲ."

ಹೇಳಿದ್ದು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ. ಅತ್ತ ಅಂಗಡಿಯಲ್ಲಿ ಯಾರೋ ಸಕ್ಕರೆ ಕೇಳುತ್ತಿದ್ದದ್ದು ಕೇಳಿಸಿತು.

"ಒಂದೀಟು ತಡೀರಿ ಸಾಹೇಬ್ರ," ಎಂದರು ಅವರು. ದನಿ ಬೇರೆಯಾಗಿತ್ತು. "ಆಕಿ ಅವ್ವನ್ನ ಕರೀತೇನಿ. ಈಗ ಹೇಳಿದ್ರಲ್ಲಾ, ಅದನ್ನ ಇನ್ನೊಮ್ಮೆ ಹೇಳ್ರಿ."

ಕಾದೆ. ಹುಡುಗಿ ಆಗಲೇ ಒರೆಸಿದ್ದ ಗೇಜನ್ನು ಮತ್ತೆ ಒರೆಸುತ್ತಿದ್ದಳು. ಅವಳ ತಾಯಿ ಬಂದರು. ನಾನು ಕುರ್ಚಿಯಿಂದ ಎದ್ದು ನಿಂತು, ಮಷಿನ್ನಿನ ಸದ್ದಿನಲ್ಲೂ ಇಡೀ ವಿಭಾಗಕ್ಕೆ ಕೇಳಿಸುವಂತೆ, ಇನ್ನೊಮ್ಮೆ ಹೇಳಿದೆ.