ಕೋಳಿ ಸಾಕು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬೇರೇನೋ ಬರೆದು ಎದ್ದಿದ್ದೇನೆ. ಈಗಲೂ ಜೀಪಿನ ಸದ್ದು ಕೇಳಿದರೆ ಕುಳಿತಲ್ಲಿಂದ ಎದ್ದು ನಿಲ್ಲುತ್ತೇನೆ.

ಐವತ್ತರ ದಶಕದ ಕೊನೆ. ಹೈಸ್ಕೂಲು ಮುಗಿಸಿದ್ದ ನನಗೆ ಬಂಗಾರಪೇಟೆಯ ಸರ್ಕಾರಿ ಕಚೇರಿಯಲ್ಲಿ ಹಂಗಾಮಿ ಕೆಲಸ ಸಿಕ್ಕಿತ್ತು. ಬೂದಿಕೋಟೆ ಕಡೆಯ ಕೂಲಿ ಹೆಂಗಸರಿಗೆ ಕೋಳಿ ಸಾಕುವುದು, ಮೊಟ್ಟೆ ಮಾರುವುದು ಕಲಿಸಬೇಕು. ಕಲಿತವರಿಗೆ ಸರ್ಕಾರದಿಂದ ಬಿಳಿ ಕೋಳಿಗಳು, ಒಂದು ಗೂಡು. ವರ್ಷದ ಮೇಲೆ, ತರಬೇತಿಯಿಂದ ಏನು ಪ್ರಯೋಜನವಾಯಿತೆಂದು ನೋಡಲು ನಮ್ಮ ಕಚೇರಿಯ ಸಾಹೇಬರೇ ಬಂದರು. ಮುಂದುವರಿಸದವರಿಂದ ಎಲ್ಲವನ್ನೂ ವಾಪಸು ಪಡೆಯಬೇಕೆಂದು ಆದೇಶ. ಎದುರು ಮಾತಾಡಿದ್ದಕ್ಕೇ ನನ್ನ ಹಿಂದಿನವನು ಮನೆಗೆ ಹೋದನೆಂದು ಕಚೇರಿಯಲ್ಲಿ ಹೇಳುತ್ತಿದ್ದರು.

ಮೊದಲ ಮನೆಯಲ್ಲಿ ಕೋಳಿಗೆ ರೋಗ ಬಂದಿತ್ತು. ಎರಡನೆಯ ಮನೆಗೆ ಅಳಿಯ ಬಂದು, ಕೋಳಿಗಳು ಸಾರಿಗೆ ಹೋಗಿದ್ದವು. ಗೂಡಿನಲ್ಲಿ ಸೌದೆ ಇತ್ತು. ಸಾಹೇಬರು ಪುಸ್ತಕದಲ್ಲಿ ಗೆರೆ ಎಳೆದುಕೊಂಡು ಜೀಪು ಹತ್ತಿದರು. ಅವರು ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಮೂರನೆಯ ಮನೆಯ ಮುಂದೆ ಅವರು ಜೀಪಿನಿಂದ ಇಳಿಯಲೇ ಇಲ್ಲ. ಅದು ಗಂಡ ಸತ್ತ ಹೆಂಗಸಿನ ಮನೆ. ಹುಳ ಬೀಳದಂತೆ ಗೂಡಿಗೆ ಬೂದಿ ಚೆಲ್ಲಿ, ಕೋಳಿಗಳನ್ನು ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ನೋಡಿಕೊಂಡಿದ್ದಳು. ಮೊಟ್ಟೆಗಳನ್ನು ರಾಬರ್ಟ್‌ಸನ್‌ಪೇಟೆಗೆ ಒಯ್ದು ಮಾರುತ್ತಿದ್ದಳು. ಮುಂದೆ ಹೊಲಿಗೆಯನ್ನೋ ಜೇನು ಸಾಕಣೆಯನ್ನೋ ಕಲಿಯುತ್ತೀಯಾ ಎಂದು ಕೇಳಿದೆ.

"ಅದೆಲ್ಲಾ ಯಾಕ್ ಸೋಮಿ. ನಂಗೆ ಕೋಳಿ ಸಾಕು."

ಕೋಳಿಯಿದ್ದರೆ ಬೇರೇನೂ ಬೇಡ ಎಂದು ಅವಳ ಅರ್ಥ. ಸಾಹೇಬರು ಜೀಪಿನಿಂದಲೇ ಕೇಳಿದರು.

"ಏನಂತಾಳಯ್ಯ?"

"ಕೋಳಿ ಸಾಕು ಅಂತಾಳೆ ಸಾರ್."

"ಇವಳಿಗೂ ಸಾಕಾಯ್ತಾ? ಸರಿ, ನಾಳೆ ಎತ್ತಿಸಿಬಿಡು."

ಹಾಗಲ್ಲ ಸಾರ್ ಎಂದಿದ್ದರೆ ಮುಗಿಯುತ್ತಿತ್ತು. ಜೀಪಿನ ಹಿಂದೆ ಹತ್ತಿದೆ. ಬಂಗಾರಪೇಟೆ ಬರುವವರೆಗೂ ಅವರ ಕತ್ತಿನ ಹಿಂಭಾಗವನ್ನೇ ನೋಡುತ್ತಾ, ಈಗ ಹೇಳೋಣ, ಈಗ ಹೇಳೋಣ ಎಂದುಕೊಳ್ಳುತ್ತಾ ಕುಳಿತೆ.

ಮಾರನೆಯ ದಿನ ಕೋಳಿಗಳು ನನ್ನ ಕೈಗೆ ಸಿಗಲಿಲ್ಲ. ಅವಳೇ ಕರೆದು, ಹಿಡಿದು, ಬುಟ್ಟಿಗೆ ಹಾಕಿಕೊಟ್ಟಳು. ತಾನೇನು ತಪ್ಪು ಮಾಡಿದೆ ಎಂದು ಕೇಳಿದಳು. ಸರ್ಕಾರದ ಆರ್ಡರು ಎಂದೆ. ಅವಳು ಕಚೇರಿಗೆ ಬಂದು ಸಾಹೇಬರನ್ನು ಕೇಳಿಬಿಟ್ಟರೆ ಎಂದು ಎಷ್ಟೋ ತಿಂಗಳು ಬಾಗಿಲ ಕಡೆಯೇ ನೋಡುತ್ತಿದ್ದೆ. ಬರಲಿಲ್ಲ.

ಮುಂದೊಮ್ಮೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಎದುರಾದಳು. ಮಣ್ಣು ಹೊರುವ ಮಂಕರಿ ಹಿಡಿದು ಕೂಲಿಗೆ ಹೊರಟಿದ್ದಳು. ಅವಳೇ ನಕ್ಕು ಮಾತಾಡಿಸಿದಳು.

"ಇನ್ನೊಂದ್ಸಲ ಕೋಳಿ ಕ್ಲಾಸು ಮಾಡಿದ್ರೆ ಏಳಿ ಕಳ್ಸಿ ಸೋಮಿ. ಈ ಸಲ ಸರ್ಯಾಗಿ ಕಲೀತೀನಿ."

ಮಾರಿಕುಪ್ಪಂ ರೈಲು ಹೊರಡುತ್ತಿತ್ತು. ನಾನು ಹೋಗಬೇಕಾದ್ದು ಆ ಕಡೆಯಲ್ಲ, ಆದರೂ ಹತ್ತಿಬಿಟ್ಟೆ.

ಕೋಳಿ ಹೋದ ಮೇಲೂ ಊರವರು ಅವಳನ್ನು ಮೊಟ್ಟೆ ಮಾರುತ್ತಿದ್ದಾಗ ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದರಂತೆ. ಸಣ್ಣಪುಟ್ಟದಕ್ಕೆಲ್ಲ ಸಾಹೇಬರ ಮುಂದೆ ಎಷ್ಟೋ ಸಲ ಕೈಮುಗಿದು ತಪ್ಪಾಯಿತು ಎಂದಿದ್ದೇನೆ. ಹೇಳಬೇಕಾಗಿದ್ದದ್ದು ಅವಳಿಗೆ, ಬೂದಿಕೋಟೆಯ ಮೊಟ್ಟೆಯಕ್ಕನಿಗೆ.