ಬೋರ್ಡು ಕಾಣುವ ಮೊದಲೇ ಓದುತ್ತಿದ್ದ ತಂಗಿ

ಎರಡನೇ ಕ್ಲಾಸಿನ ನನ್ನ ತಂಗಿಗೆ ಓದು ಕಲಿಸಿದ್ದು ನಾನೇ ಎಂದು ಕಾಮಗೆರೆಯಲ್ಲಿ ಹೇಳದೆ ಬಿಟ್ಟ ಮನೆಯಿಲ್ಲ. ನಮ್ಮ ಹಸುಗಳಿಗೂ ಹೇಳಿದ್ದೆ. ಬಸ್ ಸ್ಟಾಪಿನಲ್ಲಿ ನಾವಿಬ್ಬರೂ ಆಡುತ್ತಿದ್ದ ಆಟವೇ ಅದು: ಬರುವ ಬಸ್ಸಿನ ಬೋರ್ಡನ್ನು ಮೊದಲು ಓದಿದವರಿಗೆ ಕಡಲೆಮಿಠಾಯಿಯ ದೊಡ್ಡ ತುಂಡು. ದಿನವೂ ಅವಳೇ ಗೆಲ್ಲುತ್ತಿದ್ದಳು. ಜಿಲ್ಲೆಯಲ್ಲಿ ನನ್ನಂಥ ಟೀಚರು ಇನ್ನೊಬ್ಬರಿಲ್ಲ ಎಂದು ಬೀಗುತ್ತಿದ್ದೆ.

ಬೇಸಿಗೆ ರಜೆಗೆ ಯಳಂದೂರಿನ ಅಜ್ಜಿ ಮನೆಗೆ ನಾವಿಬ್ಬರೇ ಹೋಗುತ್ತೇವೆಂದು ಅಮ್ಮನ ಪ್ರಾಣ ತಿಂದೆ. ಅಮ್ಮ ಷರತ್ತು ಹಾಕಿದಳು.

"ನೀನು ಮೊಬೈಲಿಂದ ತಲೆ ಎತ್ತಲ್ಲ. ಚಿಕ್ಕೋಳು ಬೋರ್ಡ್ ಓದಿ ಅತ್ತುಸ್ಲಿ, ಕಳುಸ್ತೀನಿ. ಅದೂ ನೇರ ಓಗೋ ಬಸ್ಗೆ. ಕೊಳ್ಳೇಗಾಲದಲ್ಲಿ ಇಳ್ದು ಬದ್ಲಾಯ್ಸೋದೆಲ್ಲ ಬ್ಯಾಡ."

"ಅಷ್ಟೇ ತಾನೆ? ಬಾ ನೋಡು" ಎಂದು ಅಮ್ಮನನ್ನು ಆಗಲೇ ಸ್ಟಾಪಿಗೆ ಎಳೆದೊಯ್ದೆ. ತಿರುವಿನಲ್ಲಿ ಬಸ್ಸಿನ ಮೂತಿ ಕಂಡಿತಷ್ಟೆ, ತಂಗಿ "ಯಳಂದೂರು!" ಎಂದು ಕೂಗಿದಳು. ಅಷ್ಟು ದೂರದ ಬೋರ್ಡು ಓದಲು ಹದ್ದಿಗೂ ಕನ್ನಡಕ ಬೇಕು.

ಅಮ್ಮ ಹೊಟ್ಟೆ ಹಿಡಿದು ನಕ್ಕಳು. "ಇವ್ಳು ಬೋರ್ಡ್ ಓದ್ತಿಲ್ಲ ಕಣಮ್ಮಿ, ಬಣ್ಣ ನೋಡ್ತಾವ್ಳೆ. ಕೆಂಪುಂದು ಯಳಂದೂರು, ಅಸುರುಂದು ಕೊಳ್ಳೇಗಾಲ. ಊರೋರೆಲ್ಲ ಅಂಗೇ ಅತ್ತೋದು."

"ಅಕ್ಸರ ಕೂಡ್ಸೋ ಒತ್ಗೆ ಬಸ್ಸೇ ಒಂಟೋಯ್ತದೆ ಕಣವ್ವ" ಎಂದಳು ತಂಗಿ, ಮಿಠಾಯಿಗೆ ಕೈ ಚಾಚುತ್ತ.

ಯಳಂದೂರು ಕೈತಪ್ಪುವಂತಿತ್ತು. ಮರುದಿನವೇ ಅಂಗಳದಲ್ಲಿ ಕುರ್ಚಿಗಳನ್ನು ಸಾಲಾಗಿಟ್ಟು ಹೊಸ ಬಸ್ ಬಿಟ್ಟೆ. ಪಾತ್ರೆಯ ಮುಚ್ಚಳ ಸ್ಟೇರಿಂಗು, ಕತ್ತಿನಲ್ಲಿ ಸ್ಲೇಟಿನ ಬೋರ್ಡು. ಬಣ್ಣದ ಸುಳಿವೇ ಸಿಗಬಾರದೆಂದು ಅಪ್ಪನ ಬಿಳಿ ಪಂಚೆಯನ್ನು ತಲೆತುಂಬ ಹೊದ್ದೆ. ನನ್ನನ್ನು ಕಂಡ ಕೋಳಿಗಳು ಹನೂರಿನವರೆಗೂ ಓಡಿರಬೇಕು. ಸ್ಲೇಟಿನಲ್ಲಿ 'ಬಂಡಳ್ಳಿ' ಎಂದು ಊರ ಹೆಸರಿದ್ದರೆ ಹತ್ತಬೇಕು. 'ಬಚ್ಚಲುಮನೆ' ಎಂದಿದ್ದರೆ ಹತ್ತಬಾರದು. ಓದದೆ ಹತ್ತಿದರೆ ಬಸ್ಸು ನೇರ ಬಚ್ಚಲಿಗೇ ಹೋಗುತ್ತಿತ್ತು, ಅಲ್ಲಿ ಪ್ರಯಾಣಿಕಳ ತಲೆಗೆ ಒಂದು ಚೊಂಬು ನೀರು. ಮೊದಮೊದಲು ಅವಳು ಒಣಗಿದ್ದೇ ಇಲ್ಲ. ಆಮೇಲೆ ಬೆರಳಿಟ್ಟು, ತುಟಿ ಅಲುಗಿಸಿ, ಪೂರ್ತಿ ಓದಿಯೇ ಕಾಲಿಡತೊಡಗಿದಳು. ಬೀದಿಯ ಮಕ್ಕಳೂ ಹುಣಸೆ ಎಲೆಯ ಟಿಕೆಟು ಹಿಡಿದು ಕ್ಯೂ ನಿಂತರು. ಅರ್ಧದಷ್ಟು ಜನ ನೀರಿಗಾಗಿಯೇ ಬೇಕೆಂದು ತಪ್ಪು ಓದುತ್ತಿದ್ದರು.

ಹೊರಡುವ ದಿನ ಬ್ಯಾಗು ಹೊತ್ತು ಸ್ಟಾಪಿಗೆ ಬಂದೆವು. ಪರೀಕ್ಷೆ ನೋಡಲು ಅಮ್ಮನೂ ಬಂದಳು. ಹಸಿರು ಬಸ್ಸು ಬಂದು ನಿಂತಿತು. ಯಳಂದೂರಿಗೆ ಹೊರಟಿದ್ದವರು ಯಾರೂ ಅಲುಗಾಡಲಿಲ್ಲ. ತಂಗಿ ಮಾತ್ರ ಮುಂದೆ ಹೋಗಿ ಗಾಜಿನತ್ತ ಬೆರಳೆತ್ತಿದಳು. ಒಳಗೆ ಒಂದು ರಟ್ಟಿನ ತುಂಡು ಒರಗಿಸಿಟ್ಟಿದ್ದರು.

"ಯ... ಳಂ... ದೂ... ರು. ಅಕ್ಕ, ಇದೇ!"

"ಬಾರಮ್ಮಿ ಇತ್ಲಾಗೆ, ಅದು ಅಸುರು" ಎಂದರು ಪಕ್ಕದಲ್ಲಿದ್ದ ತಾತ.

"ರಟ್ಟು ಓದು ತಾತ!"

"ನಾನುಟ್ದಾಗಿಂದ ಅಸುರು ಬಸ್ ಕೊಳ್ಳೇಗಾಲ ದಾಟಿಲ್ಲ ಕಣಮ್ಮಿ."

ಅಮ್ಮನೂ ಕೂಗಿದಳು, "ಕೆಂಪುಂದು ಬತ್ತದೆ, ಬಾ." ನಾನೂ ಅವಳ ತೋಳು ಹಿಡಿದು ಎಳೆದೆ. ಅವಳು ಬಾಗಿಲ ಕಂಬಿಗೆ ಹಲ್ಲಿಯ ಹಾಗೆ ಅಂಟಿಕೊಂಡಳು. "ಓದ್ದೆ ಕಣವ್ವ! ನಿಜ್ವಾಗ್ಲೂ ಓದ್ದೆ!"

ಕಂಡಕ್ಟರು ತಲೆ ಹೊರಹಾಕಿದ. "ಕೆಂಪುಂದು ಅನೂರಲ್ಲಿ ಕೆಟ್ಟು ನಿಂತದೆ. ಇವತ್ತು ಯಳಂದೂರ್ಗೆ ಇದೇ. ಅಷ್ಟ್ ದಪ್ಪುಕ್ ಬರ್ದಿವ್ನಿ, ಈ ಮಗ ಬುಟ್ರೆ ಇನ್ಯಾರೂ ಓದಿಲ್ವಲ್ರಪ್ಪಾ!"

ಇಡೀ ಸ್ಟಾಪು ಒಂದೇ ಬಾಗಿಲಿಗೆ ನುಗ್ಗಿತು, ತಾತನೇ ಎಲ್ಲರಿಗಿಂತ ಮುಂದೆ. ಅಷ್ಟರಲ್ಲಿ ತಂಗಿ ಕಿಟಕಿ ಸೀಟು ಹಿಡಿದಾಗಿತ್ತು. ಅಮ್ಮ ಹೊರಗಿನಿಂದ ಕಿಟಕಿಯ ಸರಳು ಹಿಡಿದು ನನಗೆ ಹೇಳಿದಳು:

"ಓಗ್ಬುಟ್ ಬನ್ನಿ. ಅವ್ಳ ಕೈ ಬುಡ್ಬ್ಯಾಡ ಕಣಮ್ಮಿ, ನೀನೆಲ್ಲಾರಾ ಕಳ್ದೋಗ್ಬುಟ್ಟೀಯ."