ಪೂರ್ವಕ್ಕೆ ಮುಖ ಮಾಡಿದ ಸೂರ್ಯಾಸ್ತ

ಇಷ್ಟು ಕಾಲ ಗುಡ್ಡದ ಬುಡದಲ್ಲೇ ಬದುಕಿದ ನಾನು ಒಂದು ಸೂರ್ಯಾಸ್ತವನ್ನಾದರೂ ಸಾವಧಾನವಾಗಿ ನೋಡಿದವಳಲ್ಲ. ಇದಕ್ಕೆ ಮೊದಲ ಕಾರಣ ನನ್ನ ಸ್ವಭಾವ. ಗುಡ್ಡದ ನೆತ್ತಿ ತಲುಪಿದೊಡನೆ ನನ್ನ ಕಣ್ಣಿಗೆ ಆಕಾಶಕ್ಕಿಂತ ಮುಂಚೆ ಬೀಳುವುದು ಯಾರೋ ಎಸೆದುಹೋದ ಚಿಪ್ಸಿನ ಪೊಟ್ಟಣ. ಇನ್ನೊಂದು ಕಾರಣ ನನ್ನ ಗೆಳತಿ ಪದ್ಮಕ್ಕ. ಆಕೆಯದು ಜೈನ ಒಕ್ಕಲು ಮನೆತನ. ಹೊತ್ತು ಮುಳುಗುವ ಮುನ್ನ ಉಂಡು ಬಾಯಿ ತೊಳೆಯಲೇಬೇಕು. ಹೀಗಾಗಿ ಸೂರ್ಯ ಕೆಂಪೇರತೊಡಗಿದಾಗ, ಲೋಕದ ರಸಿಕರೆಲ್ಲ ಪಶ್ಚಿಮಕ್ಕೆ ತಿರುಗುವ ಆ ಗಳಿಗೆಯಲ್ಲಿ, ನಾವಿಬ್ಬರು ಅವನಿಗೆ ಬೆನ್ನು ಕೊಟ್ಟು ಬುತ್ತಿಯ ಗಂಟು ಬಿಚ್ಚುತ್ತೇವೆ. ಗಾಳಿಗೆ ಅಡ್ಡವಾಗಿ ಕೂರದಿದ್ದರೆ ಶೇಂಗಾ ಚಟ್ನಿಪುಡಿ ಹಾರಿಹೋಗುತ್ತದೆ.

ನನ್ನ ಸ್ವಭಾವಕ್ಕೆ ನಾನು ಓದಿದ ಶಾಲೆಯೇ ಹೊಣೆ. ಅಲ್ಲಿ ಬೆತ್ತವಿರಲಿಲ್ಲ, ಬಾಯಿಪಾಠವಿರಲಿಲ್ಲ. ‘ಏಕೆ’ ಎಂದು ಕೇಳಿದವರಿಗೆ ಮೊದಲ ಸಾಲಿನಲ್ಲಿ ಜಾಗ. ಅನ್ಯಾಯ ಕಂಡಲ್ಲಿ ಅದರ ಹೆಸರು ಹಿಡಿದು ಕರೆಯಬೇಕು ಎಂದು ಅಲ್ಲಿಯ ಗುರುಗಳು ಕಲಿಸಿದರು. ಯಾವಾಗ ನಿಲ್ಲಿಸಬೇಕು ಎಂಬುದು ಪ್ರಾಯಶಃ ಮುಂದಿನ ತರಗತಿಯ ಪಾಠವಾಗಿತ್ತು. ಅಷ್ಟರಲ್ಲಿ ನಾನೇ ಮಹಾರಾಷ್ಟ್ರದ ಗಡಿಯೊಳಗೆ, ಗಡಹಿಂಗ್ಲಜದ ಕಡೆಯ ಈ ಹಳ್ಳಿಗೆ ಶಿಕ್ಷಕಿಯಾಗಿ ಬಂದುಬಿಟ್ಟೆ. ಊರವರು ನನ್ನನ್ನು ಅಕ್ಕೋರು ಎನ್ನುತ್ತಾರೆ. ನಾನು ದೂರದಿಂದ ಬರುತ್ತಿರುವುದು ಕಂಡರೆ ಕೈಯಲ್ಲಿರುವ ಪ್ಲಾಸ್ಟಿಕ್ ಚೀಲವನ್ನು ಬೆನ್ನ ಹಿಂದೆ ಅಡಗಿಸುತ್ತಾರೆ. ಇದನ್ನು ನಾನು ಗೌರವವೆಂದೇ ಬಗೆದಿದ್ದೇನೆ.

ನಮ್ಮ ಗುಡ್ಡ ಮಹಾ ಎತ್ತರದ್ದೇನಲ್ಲ. ನೆತ್ತಿಯ ಮೇಲೆ ಜಂಬಿಟ್ಟಿಗೆಯ ವಿಶಾಲವಾದ ಬಯಲು. ಮಳೆ ಹಿಡಿದಾಗ, ಬಿಸಿಲಿಗೆ ಕಪ್ಪಾದ ಆ ಬಂಡೆಯ ಮೇಲೆ ಸಾಸಿವೆಯಷ್ಟು ಸಣ್ಣ ನೇರಳೆ ಹೂಗಳು ಏಳುತ್ತವೆ. ಒಂದು ಮೂಲೆಯಲ್ಲಿ ಬೇಸಿಗೆಯಲ್ಲೂ ಬತ್ತದ ದೊಣೆ, ಅಂದರೆ ಬಂಡೆಯೊಳಗೇ ನೀರು ನಿಂತ ಕೊಳ. ಹಿಂದಿನವರು ಇಲ್ಲಿಯ ಜಾಗಗಳಿಗೆ ಉಪಯೋಗ ನೋಡಿ ಹೆಸರಿಟ್ಟಿದ್ದರು: ಕುರಿ ಮಲಗುವುದು ಕುರಿಬಂಡೆ, ಗಾಳಿ ಬೀಸುವುದು ಗಾಳಿಮೂಲೆ. ಸ್ಥಳಗಳನ್ನು ‘ಪಾಯಿಂಟ್’ ಎಂದು ಕರೆಯುವ ರೂಢಿ, ಸೆಕೆ ತಾಳದೆ ಬೆಟ್ಟ ಹತ್ತಿದ ಬಿಳಿಯ ಸಾಹೇಬರು ಬಿಟ್ಟುಹೋದದ್ದಿರಬೇಕು. ಸಾಹೇಬರು ಇಳಿದು ಹೋದರು, ಪಾಯಿಂಟುಗಳು ಮೇಲೆಯೇ ಉಳಿದವು. ನಮ್ಮ ಪಂಚಾಯಿತಿಯೂ ಗಾಳಿಮೂಲೆಗೆ ‘ಸನ್‌ಸೆಟ್ ಪಾಯಿಂಟ್’ ಎಂದು ನಾಮಕರಣ ಮಾಡಿ, ಅಲ್ಲೊಂದು ಸಿಮೆಂಟಿನ ಗ್ಯಾಲರಿ ಕಟ್ಟಿಸಿತು.

ಅದರ ವೈಭವವನ್ನು ವರ್ಣಿಸದೆ ಮುಂದೆ ಹೋಗಲಾರೆ. ಬಾಗಿಲಲ್ಲೇ ಬಾಯಿ ತೆರೆದು ನಿಂತ ಪೆಂಗ್ವಿನ್ ಆಕಾರದ ಕಸದ ಡಬ್ಬಿ. ಹತ್ತಿರದಲ್ಲೇ ಒಂದು ಸಿಮೆಂಟಿನ ಜಿಂಕೆ. ಅದರ ಕೊಂಬು ಉದ್ಘಾಟನೆಯ ದಿನವೇ ಮುರಿದದ್ದರಿಂದ ಈಗ ಅದು ನೋಡುವವರ ಕಣ್ಣಿಗೆ ಕತ್ತೆ. ಊರನ್ನು ತಾವು ಪ್ರೀತಿಸುತ್ತೇವೆಂದು ಆಳೆತ್ತರದ ಇಂಗ್ಲಿಷ್ ಅಕ್ಷರಗಳಲ್ಲಿ ಊರವರೇ ಸಾರಿಕೊಂಡ ಫಲಕ. ಎಲ್ಲಕ್ಕಿಂತ ಮಿಗಿಲಾದದ್ದು ಆಸನಗಳ ವ್ಯವಸ್ಥೆ. ಪಶ್ಚಿಮಕ್ಕೆ ಮುಖ ಮಾಡಿ ಕಟ್ಟಿದರೆ ಊರಿಗೆ ಶ್ರೇಯಸ್ಸಲ್ಲವೆಂದು ಗುತ್ತಿಗೆದಾರರ ವಾಸ್ತು ಪಂಡಿತರು ಕೊಲ್ಹಾಪುರದಿಂದ ಫೋನಿನಲ್ಲೇ ಅಪ್ಪಣೆ ಕೊಡಿಸಿದರು. ಹೀಗಾಗಿ ಸೂರ್ಯಾಸ್ತ ನೋಡುವ ನಮ್ಮ ಗ್ಯಾಲರಿಯ ಅಷ್ಟೂ ಮೆಟ್ಟಿಲುಗಳು ಪೂರ್ವಾಭಿಮುಖವಾಗಿವೆ. ಅಲ್ಲಿ ಕೂತವರಿಗೆ ಕಾಣುವುದು ಬಯಲು, ದೊಣೆ, ಕೆಳಗಿನ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಯ ಚಿಮಣಿ.

ಊರೇ ನಗೆಪಾಟಲಾಗುತ್ತದೆಂದು ನಾನು ಕಾದೆ. ಹಾಗೇನೂ ಆಗಲಿಲ್ಲ. ಇಚಲಕರಂಜಿಯ ಮಗ್ಗಗಳಿಗೆ ರಜೆಯಿದ್ದ ದಿನ ಮೋಟರ್ ಸೈಕಲ್ಲುಗಳ ಮೇಲೆ ಬಂದ ತರುಣರು ನೆಟ್ಟಗೆ ಪೂರ್ವಕ್ಕೆ ಮುಖ ಮಾಡಿ ಕುಳಿತು, ಫೋನನ್ನು ಮುಖದೆದುರು ಎತ್ತಿ ಹಿಡಿದು, ತಮ್ಮ ಕಿವಿಯ ಪಕ್ಕದಲ್ಲಿ ಮುಳುಗುತ್ತಿದ್ದ ಸೂರ್ಯನ ಜೊತೆ ಚಿತ್ರ ತೆಗೆದುಕೊಂಡು ಪರಮ ಸಂತೋಷದಿಂದ ಇಳಿದುಹೋದರು. ಇಂದಿನ ಪ್ರವಾಸಿ ಯಾವ ದೃಶ್ಯಕ್ಕಾದರೂ ಮೊದಲು ಬೆನ್ನು ತಿರುಗಿಸುತ್ತಾನೆ ಎಂಬುದನ್ನು ವಾಸ್ತುಶಾಸ್ತ್ರ ಮುಂಚೆಯೇ ಅರಿತಿತ್ತೆಂದು ಕಾಣುತ್ತದೆ.

ಇಷ್ಟಕ್ಕೇ ನಿಂತಿದ್ದರೆ ನಾನು ನಾಲ್ಕು ಪತ್ರಿಕೆಗಳಿಗೆ ಬರೆದು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಸರಪಂಚರು ದೊಣೆಯ ಸುತ್ತಲೂ ಕಬ್ಬಿಣದ ಬೇಲಿ ಹಾಕಿಸಲು ಹೊರಟರು. ಕುರಿಗಳು ಅಲ್ಲಿ ನೀರು ಕುಡಿಯಲು ಬರುತ್ತವೆ, ಹಿಕ್ಕೆ ಹಾಕುತ್ತವೆ, ಅದರಿಂದ ಪ್ರವಾಸಿಗರ ಬೂಟು ಕೆಡುತ್ತದೆ ಎಂಬುದು ಅವರ ವಾದ. ಸಿಮೆಂಟಿನ ಜಿಂಕೆಗೆ ಜಾಗ ಕೊಟ್ಟ ಗುಡ್ಡದಲ್ಲಿ ಉಸಿರಾಡುವ ಕುರಿಗೆ ಪ್ರವೇಶವಿಲ್ಲ!

ಆ ಕುರಿಗಳು ಕಲ್ಲವ್ವನವು. ಗಂಡ ತೀರಿದ ಮೇಲೆ ಹಿಂಡನ್ನು ಒಬ್ಬಳೇ ಕಾಯುವ ಹೆಂಗಸು. ಸುದ್ದಿ ತಿಳಿದ ದಿನ ಆಕೆ ಪದ್ಮಕ್ಕನ ಮನೆಯ ಕಟ್ಟೆಯ ಮೇಲೆ ಬಂದು ಕುಳಿತಳು.

“ದೊಣಿ ಬಂದ್ ಮಾಡಿದ್ರ ಬ್ಯಾಸಗ್ಯಾಗ ಕುರಿ ಹೊಡಕೊಂಡ ಹೊಳಿಗೆ ಇಳೀಬೇಕ್ರಿ ಅಕ್ಕೋರ. ದಾರಿ ತುಂಬ ಕಬ್ಬ. ಕುರಿ ಬಾಯಿ ಹೊಲಿಯಾಕ ಬರತೈತೇನ್ರಿ? ಒಂದ ಎಲಿ ಕಡದ್ರ ಮಂದಿ ಬಡಿಗಿ ಹಿಡಕೊಂಡ ಬರತಾರ. ಹಿಂಡ ಮಾರೂದ ಒಂದ ಉಳದೈತಿ ನೋಡ್ರಿ.”

“ಮಾರತಾಳಂತ, ಮಾರತಾಳ!” ಎಂದು ಪದ್ಮಕ್ಕ ಒಳಗಿನಿಂದಲೇ ಗದರಿದಳು. “ನಿನ್ನ ಕುರಿ ನಮ್ಮ ಹೊಲದಾಗ ಬಂದ ಕೂಡಲಿಲ್ಲಂದ್ರ ನಮ್ಮ ಅರಿಷಿಣಕ್ಕ ಗೊಬ್ಬರಾ ನಿಮ್ಮ ಸರಪಂಚ ಹಾಕತಾನೇನ? ಗ್ರಾಮಸಭಾಕ್ಕ ನಮ್ಮ ಮಂದೀನ್ನೆಲ್ಲಾ ನಾ ಕರಕೊಂಡ ಬರತೇನಿ. ಅಕ್ಕೋರ, ನೀವ ಮಾತಾಡ್ರಿ. ಆದ್ರ ಕುರೀದಷ್ಟ ಮಾತಾಡ್ರಿ.”

ಕೊನೆಯ ವಾಕ್ಯದ ತೂಕ ನನಗೆ ಆಗ ತಿಳಿಯಲಿಲ್ಲ.

ಗ್ರಾಮಸಭೆ ಪಂಚಾಯಿತಿಯ ಮುಂದಿನ ಬೇವಿನ ಮರದ ಕೆಳಗೆ ಮಧ್ಯಾಹ್ನ ಸೇರಬೇಕಾಗಿತ್ತು, ಇಳಿಹೊತ್ತಿಗೆ ಸೇರಿತು. ಪದ್ಮಕ್ಕ ಆಡಿದಂತೆ ನಡೆದುಕೊಂಡಿದ್ದಳು. ಕುರಿಗೊಬ್ಬರದ ಬೆಲೆ ಬಲ್ಲ ಜೈನ ಒಕ್ಕಲಿಗರೆಲ್ಲ ಬಿಳಿಯ ಟೋಪಿ ಧರಿಸಿ ಎಡಭಾಗವನ್ನು ತುಂಬಿದ್ದರು. ಬೇಲಿಗೆ ಕುರಿಬಾಗಿಲು ಬೇಕೆಂದು ಅವರಷ್ಟು ಜನ ಕೈ ಎತ್ತಿದರೆ ಸಾಕು, ಕಲ್ಲವ್ವನ ಹಿಂಡು ಉಳಿಯುತ್ತಿತ್ತು. ನಾನು ಎದ್ದು ನಿಂತೆ. ಎದುರಿಗೆ ಇಡೀ ಊರು. ನನ್ನೊಳಗೆ ಇಡೀ ಗುಡ್ಡ. ಮೊದಲು ಪೆಂಗ್ವಿನ್‌ನಿಂದ ಆರಂಭಿಸಿದೆ.

ಹಿಮಖಂಡದ ಹಕ್ಕಿಯೊಂದು ಸಹ್ಯಾದ್ರಿಯಲ್ಲಿ ಬಾಯಿ ತೆರೆದು ನಿಲ್ಲುವುದು ಎಂಥ ಸಾಂಸ್ಕೃತಿಕ ದಾರಿದ್ರ್ಯ ಎಂದು ಕೇಳಿದಾಗ ಹಿಂದಿನಿಂದ ಒಬ್ಬ ಕೂಗಿದ: “ಅಕ್ಕೋರ, ಅದಕ್ಕ ತಂಪ ಹವಾ ಬೇಕಂತ! ನಮ್ಮ ಗುಡ್ಡದಾಗ ಬೇಕಾದಷ್ಟ ಐತಿ ಬಿಡ್ರಿ!” ಸಭೆ ನಕ್ಕಿತು. ನಾನು ನಗಲಿಲ್ಲ; ಜಿಂಕೆಗೆ ಬಂದೆ. ಜಿಂಕೆಯಿಂದ ಫಲಕಕ್ಕೆ, ಫಲಕದಿಂದ ಬಂಡೆಗಳ ಮೇಲೆ ಬಣ್ಣದಲ್ಲಿ ಬರೆದ ಪ್ರೇಮಿಗಳ ಹೆಸರುಗಳಿಗೆ, ಅಲ್ಲಿಂದ ನೇರಳೆ ಹೂ ತುಳಿಯುವ ಜೀಪುಗಳಿಗೆ ಬಂದೆ. ಪ್ರತಿಯೊಂದು ತಪ್ಪಿಗೂ ಅದಕ್ಕೆ ಸಲ್ಲತಕ್ಕ ಗೌರವ ಕೊಟ್ಟೆ. ಮನುಷ್ಯರ ನಡುವೆ ಸಮಾನತೆ ತರಲು ನನ್ನಿಂದ ಆಗಿಲ್ಲ. ತಪ್ಪುಗಳ ನಡುವೆ ಸಂಪೂರ್ಣವಾಗಿ ತಂದಿದ್ದೆ.

ಸರಪಂಚರು ನಡುವೆ ಒಮ್ಮೆ ಕೆರಳಿದರು. “ಅಕ್ಕೋರ, ನೀವ ಎಲ್ಲಾದಕ್ಕೂ ಬ್ಯಾಡ ಅಂತೀರಿ. ಗಾವಾಚಾ ವಿಕಾಸ ಪಾಹಿಜೇ ಕೀ ನಕೋ?” ಊರಿನ ಅಭಿವೃದ್ಧಿ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಅವರು ಯಾವಾಗಲೂ ಮರಾಠಿಯಲ್ಲೇ ಕೇಳುತ್ತಾರೆ. ಆಮೇಲೆ ಅವರ ದೃಷ್ಟಿ ಎಡಭಾಗದ ಟೋಪಿಗಳ ಕಡೆ ಹೋಯಿತು. ಅಲ್ಲಿಂದ ಬೇವಿನ ಮರದ ಉದ್ದನೆಯ ನೆರಳಿಗೆ. ಥಟ್ಟನೆ ಅವರ ಧ್ವನಿ ಜೇನಾಯಿತು.

“ಹೇಳ್ರಿ ಅಕ್ಕೋರ, ಹೇಳ್ರಿ. ಸಾವಕಾಶ ಹೇಳ್ರಿ. ಏನ್ ಗಡಬಡಿ ಐತಿ?”

ಅಧಿಕಾರದಲ್ಲಿದ್ದವರು ನನಗೆ ಇಷ್ಟು ಪ್ರೀತಿಯಿಂದ ಮಾತನಾಡಲು ಹೇಳಿದ್ದು ಅದೇ ಮೊದಲು. ಕರಗಿಹೋದ ನಾನು ಆಸನಗಳ ದಿಕ್ಕಿಗೆ ಬಂದೆ. ವಾಸ್ತುವಿನ ಮೌಢ್ಯಕ್ಕೂ ಸಂವಿಧಾನ ಹೇಳುವ ವೈಜ್ಞಾನಿಕ ಮನೋಭಾವಕ್ಕೂ ಇರುವ ಅಂತರವನ್ನು ವಿವರಿಸತೊಡಗಿದೆ. ಎಡಭಾಗದಲ್ಲಿ ಒಬ್ಬರು ಎದ್ದು ಧೋತರದ ಧೂಳು ಕೊಡವಿದರು. ಇನ್ನೊಬ್ಬರು ಸೂರ್ಯನನ್ನೂ ನನ್ನನ್ನೂ ಸರದಿಯಂತೆ ನೋಡಿ, ಸೂರ್ಯನೇ ಬೇಗ ಮುಗಿಸುವಂತಿದೆ ಎಂದು ತೀರ್ಮಾನಿಸಿ ಚಪ್ಪಲಿ ಹುಡುಕತೊಡಗಿದರು. ಉಳಿದವರ ಹೊಟ್ಟೆಗಳೂ ಆಗಲೇ ಮನೆಯ ದಾರಿ ಹಿಡಿದಿದ್ದವು. ಮರಕ್ಕೆ ಒರಗಿ ಕುಳಿತ ಕಲ್ಲವ್ವ ಖಾಲಿಯಾಗುತ್ತಿದ್ದ ಜಾಗವನ್ನೇ ನೋಡುತ್ತಿದ್ದಳು. ಅದನ್ನು ಕಾಣದವಳು ನಾನೊಬ್ಬಳೇ.

ಆಗ ಪದ್ಮಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು.

“ಅಕ್ಕೋರ, ಪೆಂಗ್ವಿನ್ ನಾಳೆನೂ ಅಲ್ಲೇ ಇರತೈತಿ, ಎಲ್ಲೂ ಓಡಿ ಹೋಗೂದಿಲ್ಲ. ಹೊತ್ತ ಮುಳುಗಾಕತ್ತೈತಿ. ಕುರಿಗೆ ಬಾಗಲಾ ಇಡ್ರಿ ಅಂತ ಒಂದ ಮಾತ ಹೇಳ್ರಿ. ಕೈ ಎತ್ತತೇವಿ, ಉಣ್ಣಾಕ ಹೋಗತೇವಿ.” ಆಮೇಲೆ ಚಪ್ಪಲಿ ಹುಡುಕುವವರ ಕಡೆ ತಿರುಗಿ, “ಏ ಅಣ್ಣಾ, ಕೈ ಎತ್ತಿ ಹೋಗ್ರಿ! ಅಕ್ಕೋರ ಮಾತಿಗೆ ಹೆದರಿ ಓಡ್ತೀರಿ?” ಎಂದಳು.

ವಾಕ್ಯದ ಮಧ್ಯದಲ್ಲೇ ಸಂವಿಧಾನವನ್ನು ಬಿಟ್ಟು ನಾನು ಹೇಳಿದೆ: “ಬೇಲಿಗೆ ಕುರಿಬಾಗಿಲು ಇಡಬೇಕು.”

ನನ್ನ ಬದುಕಿನ ಅತ್ಯಂತ ಚಿಕ್ಕ ಭಾಷಣ ಅದು. ಊಟದ ಆತುರವಿದ್ದ ಕೈಗಳು ಎಷ್ಟು ರಭಸದಿಂದ ಮೇಲೆದ್ದವೆಂದರೆ, “ಥಾಂಬಾ, ಥಾಂಬಾ” ಎಂದು ಸರಪಂಚರು ತಡೆಯುವುದರೊಳಗೆ ಠರಾವು ಪಾಸಾಗಿ, ಟೋಪಿಗಳು ಓಣಿಯ ತಿರುವಿನಲ್ಲಿ ಮರೆಯಾಗಿದ್ದವು. ಹಸಿವೆಯ ಕೆಡುಕನ್ನು ಕುರಿತು ನಾನು ಎಷ್ಟೋ ಬರೆದಿದ್ದೇನೆ. ಸಮಯಕ್ಕೆ ಸರಿಯಾಗಿ ಬಂದ ಹಸಿವೆ ಒಂದು ಹಿಂಡನ್ನು ಉಳಿಸಬಲ್ಲದೆಂದು ಎಲ್ಲಿಯೂ ಬರೆದಿರಲಿಲ್ಲ.

ಬಾಗಿಲೂ ಆಯಿತು. ಗುತ್ತಿಗೆದಾರ ಸೇಡಿಗೋ ಉಳಿತಾಯಕ್ಕೋ, ಎಲ್ಲಿಂದಲೋ ಬಿಚ್ಚಿ ತಂದ ಹಳೆಯ ಗೇಟನ್ನೇ ಕೂಡಿಸಿದ್ದಾನೆ; ಅದರ ಮೇಲೆ ಢಾಳಾದ ಅಕ್ಷರಗಳಲ್ಲಿ ‘ಪ್ರವೇಶ ನಿಷಿದ್ಧ’ ಎಂದಿದೆ. ಸಾಕ್ಷರತೆಗಾಗಿ ಇಷ್ಟು ದುಡಿದ ನಾನು, ಕುರಿಗಳಿಗೆ ಓದು ಬಾರದಿರುವುದನ್ನು ಕಂಡು ನೆಮ್ಮದಿಯ ಉಸಿರು ಬಿಟ್ಟೆ.

ಮೊನ್ನೆ ಪದ್ಮಕ್ಕನೂ ನಾನೂ ಮತ್ತೆ ಗುಡ್ಡ ಹತ್ತಿದೆವು. ನಮ್ಮಷ್ಟು ಸರಿಯಾಗಿ ಆ ಗ್ಯಾಲರಿಯನ್ನು ಬಳಸಿಕೊಳ್ಳುವವರು ಬೇರೆ ಯಾರೂ ಇರಲಾರರು. ನಾವು ಮೊದಲಿನಿಂದಲೂ ಸೂರ್ಯನಿಗೆ ಬೆನ್ನು ಕೊಟ್ಟೇ ಉಂಡವರು. ಬುತ್ತಿ ಬಿಚ್ಚುವ ಹೊತ್ತಿಗೆ ಹಿಂದಿನಿಂದ ಬಂದ ಹೊಂಬಿಸಿಲು ಎದುರಿನ ಬಯಲಿನ ಮೇಲೆ ಬಿದ್ದು, ಕಲ್ಲವ್ವನ ಹಿಂಡಿನ ಒಂದೊಂದು ಬೆನ್ನೂ ಕೆಂಡದ ಅಂಚು ಕಟ್ಟಿದಂತೆ ಹೊಳೆಯಿತು. ಇತ್ತ ಮುಖ ಮಾಡಿ ಕೂರದಿದ್ದರೆ ಇದು ಕಾಣುತ್ತಿರಲಿಲ್ಲ ಎಂಬ ವಿಚಾರ ಬಂದಿತಾದರೂ ವಾಸ್ತು ಪಂಡಿತರ ಕಿವಿಗೆ ಬೀಳಬಾರದೆಂದು ಅದನ್ನು ಅಲ್ಲೇ ಅದುಮಿದೆ.

“ನೋಡಿದೆಯಾ ಪದ್ಮಕ್ಕ, ಆ ಗೇಟಿನ ಕೀಲು ಎಷ್ಟು ಸಡಿಲ. ಇದನ್ನು ಯಾರಾದರೂ...” ಎಂದು ಬೆರಳೆತ್ತಿದೆ.

“ಮೊದಲ ಉಣ್ರಿ,” ಎಂದಳು.

ನನ್ನ ನೆರಳು ಬಂಡೆಯ ಮೇಲೆ ಉದ್ದಕ್ಕೆ ಚಾಚಿ ದೊಣೆಯ ಬಾಗಿಲಿನವರೆಗೂ ಹೋಗಿತ್ತು. ಅದರ ಬೆರಳು ಬೇಲಿಯತ್ತ ಏನನ್ನೋ ಆರೋಪಿಸುತ್ತಲೇ ಇತ್ತು. ಕುರಿಗಳು ಆ ಬೆರಳನ್ನು ತುಳಿದುಕೊಂಡು, ಒಂದರ ಹಿಂದೊಂದು, ನೀರಿಗೆ ಹೋದವು. ನಾನು ಕೈಯಿಳಿಸಿ ರೊಟ್ಟಿ ಮುರಿದೆ.